ಚಕ್ಕುಬಂದಿಯ ಆಚೆಯ ನೆಲ

ತುಮಕೂರಿನ ಬಳಿಯ ಹಿರೇಹಳ್ಳಿಯು ರಾಷ್ಟ್ರೀಯ ಹೆದ್ದಾರಿ 48ರ ಮಗ್ಗುಲಿನ ಊರು. ಕೈಗಾರಿಕಾ ಪ್ರದೇಶವೂ ಹೌದು. ಇಂತಹ ಊರಿನಲ್ಲಿ ರಸ್ತೆಯ ಅಂಚೇ ಪಾದಚಾರಿಯ ಆಶ್ರಯ. ಅಲ್ಲಿ ಕಾರೋ ಲಾರಿಯೋ ನಿಂತರೆ ಶಾಲೆಗೆ ಹೊರಟ ಮಗುವೂ ಕೋಲೂರಿದ ವೃದ್ಧರೂ ಓಡುವ ವಾಹನಗಳ ನಡುವೆ ನಡೆಯಬೇಕಾಗುತ್ತದೆ.

‘ಮನೆಯ ಮುಂದಿನ ಜಾಗ ನಮ್ಮದೇ ತಾನೆ?’ ಎಂಬುದು ವಾಹನದೊಡೆಯರ ವಾದ. ಅವರು ತಮ್ಮ ಕ್ರಯಪತ್ರವನ್ನೊಮ್ಮೆ ಬಿಡಿಸಿ ನೋಡಲಿ. ಚಕ್ಕುಬಂದಿಯಲ್ಲಿ ರಸ್ತೆಯನ್ನು ಎಲ್ಲೆಯೆಂದು ಬರೆದಿದೆಯೇ ಹೊರತು ಸ್ವತ್ತೆಂದಲ್ಲ. ಅನ್ಯರಿಗೆ ಅಪಾಯ, ಅಡಚಣೆಯಾಗುವಂತೆ ಸಾರ್ವಜನಿಕ ಸ್ಥಳದಲ್ಲಿ ವಾಹನ ನಿಲ್ಲಿಸುವುದನ್ನು 1988ರ ಮೋಟಾರು ವಾಹನಗಳ ಕಾಯ್ದೆಯ 122ನೆಯ ಕಲಮೂ ನಿಷೇಧಿಸಿದೆ.

ಸರ್ಕಾರವು ನಿಲುಗಡೆಯ ತಾಣ ಒದಗಿಸಿಲ್ಲವೆಂಬ ದೂರಿನಲ್ಲಿ ಸತ್ಯಾಂಶವುಂಟು. ಆದರೆ ನಕ್ಷೆಯಲ್ಲಿ ವಾಹನಕ್ಕೆಂದು ತೋರಿಸಿದ ನೆಲಮಾಳಿಗೆಯನ್ನು ಮಳಿಗೆಯಾಗಿಸಿ ಬಾಡಿಗೆ ಎಣಿಸುವವನಿಗೆ ಆ ಮಾತನ್ನಾಡುವ ಹಕ್ಕೆಲ್ಲಿದೆ? ಬಾಡಿಗೆ ಅವನ ಜಮಾ, ಅಡಚಣೆ ನೆರೆಯವರ ಖರ್ಚು! ಇಂತಹ ಲೆಕ್ಕವನ್ನು ಯಾವ ಪ್ರಾಮಾಣಿಕ ವರ್ತಕನೂ ಒಪ್ಪಲಾರನು.

ಕೊಡದುದನ್ನು ಕೊಳ್ಳಲಾಗದೆಂಬುದೇ ಅಚೌರ್ಯಾಣುವ್ರತ. ತಕ್ಕಡಿಯಲ್ಲಿ ಗುಲಗಂಜಿ ತೂಕ ತಪ್ಪಿದರೆ ಅಂಜುವ ಶ್ರಾವಕನು ಬೀದಿಯ ಹತ್ತಡಿ ನೆಲವನ್ನು ಅಂಜದೆ ಆಕ್ರಮಿಸುವುದು ಹೇಗೆ? ವಾಹನ ಕೊಳ್ಳುವ ಮುನ್ನ ಅದನ್ನಿಡುವ ನೆಲವನ್ನು ತನ್ನ ಎಲ್ಲೆಯೊಳಗೆ ಗೊತ್ತುಮಾಡಿಕೊಳ್ಳುವುದೇ ಗೃಹಸ್ಥಧರ್ಮ.