ಮಲೇರಿಯ ಕ್ರಿಮಿಯ ಪೂರ್ವಾಶ್ರಮ

ಮದ್ದೂರಿಗೆ ಸಮೀಪದ ವೈದ್ಯನಾಥಪುರದಲ್ಲಿ, ಶಿಂಷಾನದಿಯ ಅಂಚಿನ ಒಂದು ಮಡುವಿನಿಂದ ಸೀಸೆಯಲ್ಲಿ ಹಸುರು ನೀರನ್ನು ತುಂಬಿ ತಂದು, ಅದರ ಒಂದು ಹನಿಯನ್ನು ನಾವು ವಿದ್ಯಾರ್ಥಿಗಳಿಗೆ ಸೂಕ್ಷ್ಮದರ್ಶಕದಲ್ಲಿ ತೋರಿಸಿದೆವು. ಮಸೂರಗಳ ಪಾಠಕ್ಕೆ ಒಂದು ನೆಪ ಬೇಕಾಗಿತ್ತು. ಭೌತಶಾಸ್ತ್ರದ ಅಧ್ಯಾಪಕರಾದ ನಮಗೆ ಹನಿಯೊಳಗಿನ ಜೀವಿಗಿಂತ ಅದರ ಬಿಂಬದ ಗಾತ್ರವೇ ಮುಖ್ಯವಾಗಿತ್ತು. ಆದರೆ ಹಸುರು ಯೂಗ್ಲೀನಗಳು ಓಡಾಡುವುದನ್ನು ಕಂಡ ಹುಡುಗನೊಬ್ಬ ಪಾಠದ ದಾರಿಯನ್ನೇ ತಪ್ಪಿಸಿದನು. "ಸಾರ್, ಮಲೇರಿಯ ಕ್ರಿಮಿಯೂ ಒಂದೇ ಕೋಶದ ಜೀವಿಯಲ್ಲವೆ? ಇದು ಬಿಸಿಲಿನಲ್ಲಿ ದುಡಿದು ತಿನ್ನುತ್ತದೆ. ಅದಕ್ಕೇಕೆ ಇನ್ನೊಬ್ಬರ ರಕ್ತ ಬೇಕು?"

ಮಂಡ್ಯದ ಸೀಮೆಯವನಿಗೆ ಈ ಪ್ರಶ್ನೆ ಹುಟ್ಟುವುದು ಸಹಜ. 1930ರ ದಶಕದಲ್ಲಿ ಕೃಷ್ಣರಾಜಸಾಗರದ ನೀರು ಇರ್ವಿನ್ ನಾಲೆಯಲ್ಲಿ, ಎಂದರೆ ಈಗಿನ ವಿಶ್ವೇಶ್ವರಯ್ಯ ನಾಲೆಯಲ್ಲಿ, ಹರಿದು ಬಂದಾಗ ಬತ್ತ ಕಬ್ಬುಗಳ ಬೆನ್ನಿಗೇ ಚಳಿಜ್ವರವೂ ಬಂದಿತು. ರೋಗವು ಈಗ ಇಲ್ಲಿ ಬಹುಮಟ್ಟಿಗೆ ಅಡಗಿದೆಯಾದರೂ, ಮನೆಮಂದಿಯೆಲ್ಲ ಕಂಬಳಿ ಹೊದ್ದು ನಡುಗಿದ ಕಥೆ ಹಿರಿಯರಿಂದ ಕಿರಿಯರಿಗೆ ಬಂದಿದೆ.

ನಮ್ಮ ತರಗತಿಗಳಲ್ಲಿ ಈ ಕ್ರಿಮಿಯ ಜೀವನಚಕ್ರವನ್ನು ಬಾಯಿಪಾಠ ಮಾಡಿಸುತ್ತೇವೆ. ಸೊಳ್ಳೆಯಿಂದ ಯಕೃತ್ತಿಗೆ, ಯಕೃತ್ತಿನಿಂದ ರಕ್ತಕ್ಕೆ, ಮರಳಿ ಸೊಳ್ಳೆಗೆ. ರಕ್ತವನ್ನು ಸೇರುವ ಮೊದಲು ಅದರ ಕುಲದವರು ಎಲ್ಲಿದ್ದರು, ಏನು ತಿನ್ನುತ್ತಿದ್ದರು ಎಂಬ ಮಾತನ್ನು ಎತ್ತುವುದು ವಿರಳ. 'ಪರೋಪಜೀವಿ' ಎಂಬ ಪದದಲ್ಲಿಯೇ ಒಂದು ಬೈಗುಳವನ್ನು ಬೆರೆಸಿ, ಸೋಮಾರಿತನದಿಂದ ಅವನತಿ ಹೊಂದಿದ ಜೀವಿ ಎಂದು ಹೇಳಿ ಮುಗಿಸುವುದು ವಾಡಿಕೆ. ಇದು ತಪ್ಪು ಎಂದು ನಮ್ಮ ಅಭಿಪ್ರಾಯ. ಈ ತಪ್ಪಿನಿಂದ ನಷ್ಟವೂ ಉಂಟು.

ಹುಡುಗನಿಗೆ ಸಲ್ಲಬೇಕಾದ ಉತ್ತರವೆಂದರೆ, ಮಲೇರಿಯ ಕ್ರಿಮಿಯ ಪೂರ್ವಿಕರೂ ಒಂದು ಕಾಲಕ್ಕೆ ಬಿಸಿಲಿನಲ್ಲಿ ದುಡಿದು ಉಂಡವರೇ. ಕ್ರಿಮಿಯ ಕೋಶದೊಳಗೆ ಏಪಿಕೋಪ್ಲಾಸ್ಟ್ ಎಂಬ ಬಣ್ಣವಿಲ್ಲದ ಸಣ್ಣ ಚೀಲವೊಂದಿದೆ. ಅದು ಸಸ್ಯಗಳ ಹರಿತ್ಕಣದ ಬಂಧು ಎಂಬುದು 1990ರ ದಶಕದಲ್ಲಿ ಖಚಿತವಾಯಿತು. ಅದರಲ್ಲಿ ಸುಮಾರು 35,000 ಅಕ್ಷರಗಳ ಉಂಗುರಾಕಾರದ ಸ್ವಂತ ಡಿ.ಎನ್.ಎ. ಇದೆ, ಸುತ್ತಲೂ ನಾಲ್ಕು ಪೊರೆಗಳಿವೆ. ನಾಲ್ಕು ಏಕೆ? ಹಿಂದೆಂದೋ ಒಂದು ಕೋಶವು ಕೆಂಪು ಪಾಚಿಯ ಕೋಶವೊಂದನ್ನು ನುಂಗಿ, ಅರಗಿಸಿಕೊಳ್ಳದೆ ಒಳಗೆ ಇರಿಸಿಕೊಂಡಿತು. ಹರಿತ್ಕಣದ ಪೊರೆಗಳು ಎರಡು, ಪಾಚಿಯದು ಒಂದು, ನುಂಗಿದವನ ಹೊಟ್ಟೆಯದು ಒಂದು. 2008ರಲ್ಲಿ ಈ ಕ್ರಿಮಿಯ ದಾಯಾದಿಯೊಂದನ್ನು ವಿಜ್ಞಾನಿಗಳು ವರ್ಣಿಸಿದರು. ಸಿಡ್ನಿ ಬಂದರಿನ ಹವಳದಲ್ಲಿ ದೊರೆತ ಆ ಕ್ರೋಮೆರ ಇಂದಿಗೂ ಬೆಳಕಿನಿಂದಲೇ ಆಹಾರವನ್ನು ತಯಾರಿಸಿಕೊಳ್ಳುತ್ತದೆ.

ದುಡಿಯುತ್ತಿದ್ದವನು ದೋಚುವವನಾದದ್ದು ಹೇಗೆ? ಇನ್ನೊಂದು ದಾಯಾದಿಯಾದ ಕಾಲ್ಪೊಡೆಲ್ಲ ನೀರಿನಲ್ಲಿ ಸ್ವತಂತ್ರವಾಗಿ ಈಜುವ ಬೇಟೆಗಾರ. ತನ್ನ ಮೂತಿಯ ಸಲಕರಣೆಯಿಂದ ಬೇರೆ ಕೋಶವನ್ನು ಚುಚ್ಚಿ ರಸವನ್ನು ಹೀರುತ್ತದೆ. ಅದೇ ಬಗೆಯ ಸಲಕರಣೆಯಿಂದ ಮಲೇರಿಯ ಕ್ರಿಮಿ ನಮ್ಮ ರಕ್ತಕಣದೊಳಕ್ಕೆ ನುಗ್ಗುತ್ತದೆ. ಆಯುಧ ಮೊದಲೇ ಮನೆಯಲ್ಲಿತ್ತು, ಬಳಕೆ ಮಾತ್ರ ಬದಲಾಯಿತು. ಸಿದ್ಧ ಆಹಾರವಿರುವ ಕಡೆ ಹಸುರು ಹೋದರೂ ಜೀವ ಹೋಗದು. ಯೂಗ್ಲೀನಕ್ಕೆ ಸ್ಟ್ರೆಪ್ಟೊಮೈಸಿನ್ ಕೊಟ್ಟರೆ ಅದರ ಹಸುರು ಶಾಶ್ವತವಾಗಿ ಅಳಿಯುವುದೆಂದು 1948ರಲ್ಲಿಯೇ ತಿಳಿದಿತ್ತು. ಪೋಷಕ ದ್ರವದಲ್ಲಿಟ್ಟರೆ ಬಿಳಿಯ ಸಂತತಿ ಸುಖವಾಗಿ ಬೆಳೆಯುತ್ತದೆ. ಬಳಕೆ ತಪ್ಪಿದ ಜೀನು ಕೆಟ್ಟರೆ ಅದನ್ನು ಹೊತ್ತ ಜೀವಿಗೆ ಶಿಕ್ಷೆಯಿಲ್ಲ. ತಲೆಮಾರುಗಳು ಕಳೆದಂತೆ ಕೆಟ್ಟದ್ದು ಕೆಟ್ಟೇ ಉಳಿಯುತ್ತದೆ, ಹಿಂದಿರುಗುವ ದಾರಿ ಮುಚ್ಚುತ್ತದೆ.

ಹೊಕ್ಕ ಮಾತ್ರಕ್ಕೆ ಯಾರೂ ಪರೋಪಜೀವಿಯಾಗುವುದಿಲ್ಲ. ಬೆಚ್ಚಗಿನ ಸಿಹಿನೀರಿನಲ್ಲಿ ಬ್ಯಾಕ್ಟೀರಿಯಗಳನ್ನು ತಿಂದು ಬದುಕುವ ನೇಗ್ಲೇರಿಯ ಫೌಲೇರಿ ಎಂಬ ಅಮೀಬ ಅಪರೂಪಕ್ಕೆ ಈಜುವವರ ಮೂಗಿನ ಮೂಲಕ ಮೆದುಳನ್ನು ಸೇರಿ ಕೊಲ್ಲುತ್ತದೆ. 2024ರಲ್ಲಿ ಕೇರಳದಲ್ಲಿ ಮಕ್ಕಳು ಇದಕ್ಕೆ ಬಲಿಯಾದರು. ಆದರೆ ಅದು ಒಬ್ಬರಿಂದ ಇನ್ನೊಬ್ಬರಿಗೆ ಹೋಗಲಾರದು. ಮನುಷ್ಯನ ದೇಹ ಅದಕ್ಕೆ ಕುರುಡುಗಲ್ಲಿ. ಮಲೇರಿಯ ಕ್ರಿಮಿಗಾದರೋ ಹೊರಬರಲು ಸೊಳ್ಳೆಯೆಂಬ ಬಾಗಿಲಿದೆ.

ಇದನ್ನು ಅವನತಿ ಎನ್ನಬಹುದೆ? ಕಳೆದುಕೊಂಡದ್ದು ಬಹಳವೇ ಸರಿ. ಪ್ಯೂರಿನ್‌ಗಳನ್ನು ಅದು ತಾನೇ ಕಟ್ಟಿಕೊಳ್ಳಲಾರದು; ಬಹುಪಾಲು ಅಮೈನೊ ಆಮ್ಲಗಳಿಗೂ ನಮ್ಮನ್ನೇ ನಂಬಿದೆ. ಆದರೆ ಗಳಿಕೆಯೂ ಅಲ್ಪವಲ್ಲ. ಫಾಲ್ಸಿಪೇರಮ್ ಜಾತಿಯ ಕ್ರಿಮಿಯಲ್ಲಿ ವೇಷ ಬದಲಿಸುವುದಕ್ಕೆಂದೇ ಸುಮಾರು 60 ಜೀನುಗಳಿವೆ. ನಮ್ಮ ರಕ್ಷಣಾವ್ಯವಸ್ಥೆ ಒಂದನ್ನು ಗುರುತಿಸುವಷ್ಟರಲ್ಲಿ ಅದು ಇನ್ನೊಂದನ್ನು ತೊಟ್ಟಿರುತ್ತದೆ. ಸೋಮಾರಿಯ ಲಕ್ಷಣ ಇದಲ್ಲ.

ನಷ್ಟವೆಂದೆವಲ್ಲ, ಅದು ಇಲ್ಲಿದೆ. ಕ್ರಿಮಿಯ ಪೂರ್ವಾಶ್ರಮವನ್ನು ತಿಳಿದವನಿಗೆ ಅದರ ಮರ್ಮಸ್ಥಾನವೂ ತಿಳಿಯುತ್ತದೆ. ಹರಿತ್ಕಣಗಳ ಮೂಲ ಬ್ಯಾಕ್ಟೀರಿಯ. ಆದುದರಿಂದಲೇ ಬ್ಯಾಕ್ಟೀರಿಯಗಳ ಔಷಧವಾದ ಡಾಕ್ಸಿಸೈಕ್ಲಿನ್ ಏಪಿಕೋಪ್ಲಾಸ್ಟನ್ನು ಕೆಡಿಸುತ್ತದೆ. ಕ್ರಿಮಿ ಕೂಡಲೇ ಸಾಯದು, ಅದರ ಮರಿಗಳು ಸಾಯುತ್ತವೆ. 2001ರಲ್ಲಿ ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ನಮಿತಾ ಸುರೋಲಿಯ ಅವರೂ ಭಾರತೀಯ ವಿಜ್ಞಾನ ಸಂಸ್ಥೆಯ ಅವಧೇಶ ಸುರೋಲಿಯ ಅವರೂ, ಸಾಬೂನುಗಳಲ್ಲಿ ಬಳಸುತ್ತಿದ್ದ ಟ್ರೈಕ್ಲೊಸಾನ್ ಈ ಕ್ರಿಮಿಯನ್ನು ತಡೆಯುವುದೆಂದೂ ಮೇದಾಮ್ಲಗಳನ್ನು ತಯಾರಿಸುವ ಅದರ ಕಿಣ್ವವೊಂದು ಈ ಏಟಿನ ಗುರಿಯೆಂದೂ ಪ್ರಕಟಿಸಿದರು. ಅಂಥ ಕಿಣ್ವ ಸಸ್ಯಗಳಲ್ಲಿಯೂ ಬ್ಯಾಕ್ಟೀರಿಯಗಳಲ್ಲಿಯೂ ಇರತಕ್ಕದ್ದು, ನಮ್ಮಲ್ಲಿಲ್ಲ. 2008–09ರ ಪ್ರಯೋಗಗಳು ಇದಕ್ಕೆ ತಿದ್ದುಪಡಿ ತಂದವು: ಈ ತಯಾರಿಕೆ ರಕ್ತದಲ್ಲಿರುವ ಕ್ರಿಮಿಗೆ ಅನಿವಾರ್ಯವಲ್ಲ, ಯಕೃತ್ತಿನಲ್ಲಿ ಬೆಳೆಯುವಾಗ ಬೇಕು. ರಕ್ತದಲ್ಲಿರುವಾಗ ಅದಕ್ಕೆ ಏಪಿಕೋಪ್ಲಾಸ್ಟಿನಿಂದ ಬೇಕಾದದ್ದು ಐಸೊಪ್ರಿನಾಯ್ಡ್‌ಗಳ ಮೂಲವಸ್ತುವೊಂದೇ ಎಂದು 2011ರಲ್ಲಿ ಕಂಡುಬಂದಿತು. ಆ ವಸ್ತುವನ್ನು ಹೊರಗಿನಿಂದ ಒದಗಿಸಿದರೆ ಚೀಲವೇ ಇಲ್ಲದೆ ಕ್ರಿಮಿ ಬದುಕಿತು. ನಾಲ್ಕು ಗಂಟೆಯ ಬಾಯಿಪಾಠಕ್ಕಿಂತ ಇಂಥ ಒಂದು ಪ್ರಯೋಗದ ಕಥೆಯನ್ನು ಹೇಳುವುದು ಲೇಸಲ್ಲವೆ?

ಜೀವಶಾಸ್ತ್ರದ ಅಧ್ಯಾಪಕರು ನಮ್ಮ ಈ ಅತಿಕ್ರಮಣವನ್ನು ಮನ್ನಿಸಬೇಕು. ನಮ್ಮ ಕಾಲೇಜಿನ ಗೋಡೆಯ ಪಟದಲ್ಲಿ ಮಲೇರಿಯ ಕ್ರಿಮಿಗೆ ಏಪಿಕೋಪ್ಲಾಸ್ಟ್ ಇರಲಿಲ್ಲ. ಅವರ ಅಪ್ಪಣೆ ಪಡೆದು ಆ ಹುಡುಗನೇ ಒಂದು ಚುಕ್ಕೆಯನ್ನಿಟ್ಟನು, ಹಸುರು ಶಾಯಿಯಲ್ಲಿ. ಅದಕ್ಕೀಗ ಬಣ್ಣವಿಲ್ಲ, ಹಸುರು ತಪ್ಪು ಎಂದು ಅವರು ಆಕ್ಷೇಪಿಸಿದರು. ಆಕ್ಷೇಪ ನ್ಯಾಯವಾದದ್ದೇ, ಆದರೂ ಅಳಿಸಲು ನಾವು ಬಿಡಲಿಲ್ಲ.