ಮರಳಿ ಬಂದ ಭಾರ

ದಶಲಕ್ಷಣ ಪರ್ವದ ಎರಡನೆಯ ದಿನ. ಬಸದಿಯಲ್ಲಿ ಪೂಜೆ ಮುಗಿಸಿ ಹೊರಬರುತ್ತಿದ್ದ ನನ್ನನ್ನು ಪರಿಚಿತರಾದ ಹಿರಿಯರೊಬ್ಬರು ನಿಲ್ಲಿಸಿ, ‘ಅಕ್ಕೋರ, ಅಷ್ಟು ರೊಕ್ಕಾ ಖರ್ಚು ಮಾಡಿ ಹೊಟ್ಟಿ ಆಪರೇಷನ್ ಮಾಡಿಸ್ಕೊಂಡಿದ್ರಿ. ಮತ್ತ ಮೊದಲಿನಂಗ ಆಗೀರಲ್ರೀ!’ ಎಂದರು. ಅವರ ಮನಸ್ಸಿನಲ್ಲಿ ಕೆಡುಕಿರಲಿಲ್ಲ. ಆದರೆ ಸುತ್ತಲಿದ್ದವರೆಲ್ಲ ತಿರುಗಿ ನೋಡಿದರು. ಅಂದು ಉತ್ತಮ ಮಾರ್ದವ ಧರ್ಮದ ದಿನ. ಮೃದುತ್ವವನ್ನು ಕುರಿತ ಪ್ರವಚನವನ್ನು ನಾವಿಬ್ಬರೂ ಆಗತಾನೇ ಕೇಳಿದ್ದೆವು.

ನನ್ನ ವೃತ್ತಾಂತ ಇಷ್ಟೆ. 2014ರಲ್ಲಿ ನನ್ನ ತೂಕ 108 ಕೆ.ಜಿ. ಸಕ್ಕರೆ ಕಾಯಿಲೆಯಿತ್ತು, ಮಂಡಿನೋವಿನಿಂದ ತರಗತಿಯಲ್ಲಿ ನಿಂತು ಪಾಠ ಮಾಡುವುದೂ ಕಷ್ಟವಾಗಿತ್ತು. ವೈದ್ಯರ ಸಲಹೆಯಂತೆ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ತೆಗೆದು, ಉಳಿದುದನ್ನು ಕೊಳವೆಯಂತೆ ಮಾಡುವ ಶಸ್ತ್ರಚಿಕಿತ್ಸೆಗೆ ಒಳಗಾದೆ. ಒಂದೂವರೆ ವರ್ಷದಲ್ಲಿ ತೂಕ 70ಕ್ಕೆ ಇಳಿಯಿತು. ಶ್ರವಣಬೆಳಗೊಳದ ದೊಡ್ಡಬೆಟ್ಟವನ್ನು ಡೋಲಿಯ ನೆರವಿಲ್ಲದೆ ಹತ್ತಿ ಬಾಹುಬಲಿಯ ಪಾದದ ಬಳಿ ಕಣ್ಣೀರು ಸುರಿಸಿದೆ. ನಾಲ್ಕೈದು ವರ್ಷಗಳ ಬಳಿಕ ಮುಳ್ಳು ಮೆಲ್ಲನೆ ಮೇಲೇರತೊಡಗಿತು. 2021ರಲ್ಲಿ ನಿವೃತ್ತಳಾದ ಮೇಲೆ 92 ಮುಟ್ಟಿತು.

ತೂಕಕ್ಕಿಂತ ಭಾರವಾದದ್ದು ನಾಚಿಕೆ. ಮೂವತ್ತು ವರ್ಷ ಮಕ್ಕಳಿಗೆ ಸಂಯಮದ ಪಾಠ ಹೇಳಿದವಳು ತನ್ನ ನಾಲಗೆಯನ್ನೇ ಗೆಲ್ಲಲಾರದೆ ಹೋದಳಲ್ಲ ಎಂಬ ಕೊರಗು. ಆಸ್ಪತ್ರೆಯ ತೂಕದ ಯಂತ್ರಕ್ಕೆ ಅಂಜಿ ಮೂರು ವರ್ಷ ವೈದ್ಯರ ಬಳಿಗೇ ಹೋಗಲಿಲ್ಲ. ಆ ಹಿರಿಯರ ಮಾತು ಕೇಳಿದ ಮರುದಿನವೇ, ಮನೆಯವರಿಗೂ ಸರಿಯಾಗಿ ತಿಳಿಸದೆ ಉಪವಾಸ ಹಿಡಿದೆ. ಮೂರನೆಯ ದಿನ ಬಸದಿಯ ಮೆಟ್ಟಿಲ ಮೇಲೆ ಕುಸಿದೆ. ರಕ್ತಪರೀಕ್ಷೆಯಲ್ಲಿ ಕಬ್ಬಿಣಾಂಶವೂ ಬಿ12 ಜೀವಸತ್ವವೂ ತೀರಾ ಕಡಿಮೆಯಿರುವುದು ಕಂಡುಬಂತು. ಇಂಥ ಚಿಕಿತ್ಸೆಯಾದವರು ಜೀವನಪರ್ಯಂತ ತೆಗೆದುಕೊಳ್ಳಬೇಕಾದ ಗುಳಿಗೆಗಳನ್ನೂ ನಾನು ನಾಚಿಕೆಯೊಂದಿಗೆ ಮೂಲೆಗೆ ಸರಿಸಿದ್ದೆ.

ಆ ಹಾಸಿಗೆಯಲ್ಲಿ ಮಲಗಿ ಯೋಚಿಸಿದಾಗ, ನನಗೆ ಮೊದಲೇ ಗೊತ್ತಿದ್ದ ಶಾಸ್ತ್ರವಿಷಯಗಳನ್ನೇ ನಾನು ಸರಿಯಾಗಿ ಓದಿರಲಿಲ್ಲವೆಂಬುದು ಹೊಳೆಯಿತು.

ಜೈನ ಕರ್ಮಸಿದ್ಧಾಂತವು ಹಸಿವನ್ನೂ ಆಸೆಯನ್ನೂ ಒಂದೇ ತಕ್ಕಡಿಗೆ ಹಾಕುವುದಿಲ್ಲ. ಇಪ್ಪತ್ತೆರಡು ಪರೀಷಹಗಳಲ್ಲಿ ಮೊದಲನೆಯದು ಕ್ಷುಧೆ. ಅದು ಹುಟ್ಟುವುದು ವೇದನೀಯ ಕರ್ಮದ ಉದಯದಿಂದ. ಆಹಾರದ ಮೇಲಿನ ಲೋಲುಪತೆ ಹುಟ್ಟುವುದು ಮೋಹನೀಯದಿಂದ. ಹಸಿವಾಗುವುದು ದೋಷವಲ್ಲ, ಮುನಿಗಳಿಗೂ ಹಸಿವಾಗುತ್ತದೆ. ವೈದ್ಯರು ತಮ್ಮ ಭಾಷೆಯಲ್ಲಿ ನನಗೆ ವಿವರಿಸಿದ್ದೂ ಇದಕ್ಕೆ ಹತ್ತಿರವಾದುದನ್ನೇ. ಬಹಳ ತೂಕ ಕಳೆದುಕೊಂಡ ದೇಹ ಅದನ್ನು ಬರಗಾಲವೆಂದೇ ತಿಳಿಯುತ್ತದೆ. ಖರ್ಚನ್ನು ತಗ್ಗಿಸುತ್ತದೆ, ಹಸಿವಿನ ಸಂದೇಶಗಳನ್ನು ಹೆಚ್ಚಿಸುತ್ತದೆ. ಕಿರಿದಾಗಿಸಿದ ಜಠರವೂ ಕಾಲಕ್ರಮದಲ್ಲಿ ಸ್ವಲ್ಪ ಹಿಗ್ಗುತ್ತದೆ. ಶಸ್ತ್ರಚಿಕಿತ್ಸೆಯಾದ ಒಂದೆರಡು ವರ್ಷಗಳ ನಂತರ ಒಂದಿಷ್ಟು ತೂಕ ಮರಳುವುದು ಅನೇಕರ ಅನುಭವ. ಸ್ಥೂಲಕಾಯ ದೀರ್ಘಕಾಲದ ಕಾಯಿಲೆ. ರಕ್ತದೊತ್ತಡದಂತೆ ಅದನ್ನೂ ಕೊನೆಯವರೆಗೆ ನೋಡಿಕೊಳ್ಳುತ್ತಲೇ ಇರಬೇಕು.

ಹಾಗೆಂದು ಎಲ್ಲ ಹೊರೆಯನ್ನೂ ಕರ್ಮದ ಮೇಲೆ ಹೊರಿಸಿ ನಾನು ಕೈತೊಳೆದುಕೊಳ್ಳಲಾರೆ. ನಿವೃತ್ತಿಯ ನಂತರದ ಬಿಡುವಿನಲ್ಲಿ ಗಳಿಗೆಗೊಮ್ಮೆ ಒಂದು ತುಂಡು ಚಕ್ಕುಲಿ, ಅರ್ಧ ಉಂಡೆ, ಒಂದು ಲೋಟ ಸಿಹಿ ಚಹಾ. ಸಣ್ಣ ಜಠರ ಒಂದು ದೊಡ್ಡ ಊಟವನ್ನು ತಡೆಯಬಲ್ಲದು. ಹತ್ತು ಸಣ್ಣ ತಿಂಡಿಗಳನ್ನು ತಡೆಯಲಾರದು. ಆ ಭಾಗ ಮೋಹದ್ದು, ಅದು ನನ್ನದೇ. ಆದರೆ ರೋಗದ ಪಾಲು ಎಷ್ಟು, ಮೋಹದ ಪಾಲು ಎಷ್ಟು ಎಂದು ಬೇರ್ಪಡಿಸಿ ನೋಡಿದರೆ ಮಾತ್ರ ಎರಡಕ್ಕೂ ತಕ್ಕ ಔಷಧ ಸಿಗುತ್ತದೆ. ಎರಡನ್ನೂ ಪಾಪವೆಂದು ಒಟ್ಟುಗೂಡಿಸಿದರೆ ಉಳಿಯುವುದು ನಾಚಿಕೆಯೊಂದೇ.

ಗುಣಸ್ಥಾನಗಳ ವಿವರಣೆಯಲ್ಲೂ ನನ್ನಂಥವರಿಗೆ ಒಂದು ಪಾಠವಿದೆ. ಹದಿನಾಲ್ಕು ಮೆಟ್ಟಿಲುಗಳಲ್ಲಿ ಹನ್ನೊಂದನೆಯದು ಉಪಶಾಂತಮೋಹ. ಅಲ್ಲಿ ಮೋಹವು ಅಡಗಿರುತ್ತದೆ, ನಾಶವಾಗಿರುವುದಿಲ್ಲ. ಕತಕದ ಬೀಜ ಹಾಕಿದ ನೀರಿನಲ್ಲಿ ಕೆಸರು ತಳ ಸೇರಿ ಮೇಲಿನ ನೀರು ತಿಳಿಯಾಗುತ್ತದೆ. ಪಾತ್ರೆ ಅಲುಗಿದರೆ ಮತ್ತೆ ಕದಡುತ್ತದೆ. ಅಷ್ಟು ಎತ್ತರಕ್ಕೇರಿದ ಮಹಾಮುನಿಯೂ ಅಲ್ಲಿಂದ ಕೆಳಗಿಳಿಯಲೇಬೇಕು. ಶಸ್ತ್ರಚಿಕಿತ್ಸೆ ನನಗೆ ಮಾಡಿದ್ದು ಉಪಶಮನ. ನಾನು ಅದನ್ನು ಕ್ಷಯವೆಂದು ಭ್ರಮಿಸಿ ಎಚ್ಚರ ತಪ್ಪಿದೆ. ಆದರೆ ಅದೇ ಸಿದ್ಧಾಂತ ಇನ್ನೊಂದನ್ನೂ ಹೇಳುತ್ತದೆ. ಒಮ್ಮೆ ಸಮ್ಯಕ್ತ್ವದ ಸ್ಪರ್ಶವಾದ ಜೀವ ಎಷ್ಟು ಕೆಳಗೆ ಜಾರಿದರೂ ಶಾಶ್ವತವಾಗಿ ಕಳೆದುಹೋಗುವುದಿಲ್ಲ. ಅದು ಮತ್ತೆ ಏರಿಯೇ ಏರುತ್ತದೆ. ಜಾರುವಿಕೆಯನ್ನು ಒಪ್ಪಿಕೊಂಡೇ ಮೆಟ್ಟಿಲುಗಳನ್ನು ಕಟ್ಟಿದ ಧರ್ಮ ನಮ್ಮದು.

ಇನ್ನು ಆಚಾರ್ಯ ಸಮಂತಭದ್ರರ ಕಥೆ. ಅವರಿಗೆ ಭಸ್ಮಕವೆಂಬ ವ್ಯಾಧಿ ಬಂದಿತ್ತು. ಉಂಡದ್ದೆಲ್ಲ ಬೂದಿಯಾಗಿ, ಹಸಿವು ತಣಿಯುತ್ತಲೇ ಇರಲಿಲ್ಲ. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿರುವ 12ನೆಯ ಶತಮಾನದ ಮಲ್ಲಿಷೇಣ ಪ್ರಶಸ್ತಿಯಲ್ಲೂ ಈ ವ್ಯಾಧಿಯ ಉಲ್ಲೇಖವಿದೆ. ಪರಂಪರೆ ಹೇಳುವಂತೆ, ಮುನಿವ್ರತದಲ್ಲಿದ್ದು ಅಷ್ಟು ಉಣ್ಣಲಾಗದ ಅವರು ಸಲ್ಲೇಖನಕ್ಕೆ ಗುರುಗಳ ಅನುಮತಿ ಬೇಡಿದರು. ಗುರುಗಳು ಒಪ್ಪಲಿಲ್ಲ. ದೀಕ್ಷೆಯನ್ನು ಸದ್ಯಕ್ಕೆ ಬಿಟ್ಟು, ಉಂಡು, ರೋಗವನ್ನು ಶಮನ ಮಾಡಿಕೊಂಡು ಬಾ ಎಂದು ಕಳುಹಿಸಿದರು. ಅವರು ವೇಷ ಬದಲಿಸಿ, ಉಂಡು, ಗುಣವಾಗಿ, ಮತ್ತೆ ದೀಕ್ಷೆ ಪಡೆದರು. ಆ ಗುರು ಹಸಿವಿನ ರೋಗಿಯನ್ನು ಹಸಿವಿಗಾಗಿ ಹಳಿಯಲಿಲ್ಲ. ಉಪವಾಸದಿಂದಲೇ ಸರಿಹೋಗು ಎನ್ನಲೂ ಇಲ್ಲ. ಮಹಾವ್ರತಿಗೇ ಚಿಕಿತ್ಸೆಯ ದಾರಿ ತೋರಿದ ಪರಂಪರೆಯಲ್ಲಿ, ಅಣುವ್ರತಿಯಾದ ಗೃಹಸ್ಥೆ ಮತ್ತೊಮ್ಮೆ ವೈದ್ಯರ ಬಾಗಿಲು ತಟ್ಟಲು ನಾಚಬೇಕೇಕೆ? ಈಗ ಇದಕ್ಕೆ ಆಹಾರತಜ್ಞರ ಮಾರ್ಗದರ್ಶನವಿದೆ, ಹೊಸ ಚುಚ್ಚುಮದ್ದುಗಳಿವೆ, ಕೆಲವರಿಗೆ ಎರಡನೆಯ ಶಸ್ತ್ರಚಿಕಿತ್ಸೆಯೂ ಇದೆ. ಯಾವುದು ಯಾರಿಗೆ ಎಂಬುದನ್ನು ವೈದ್ಯರು ಹೇಳಬೇಕು.

ನಾನು ಮಾಡಿದ ಉಪವಾಸ ತಪವಾಗಿರಲಿಲ್ಲ. ತೀರ್ಥಂಕರತ್ವಕ್ಕೆ ಕಾರಣವಾಗುವ ಹದಿನಾರು ಭಾವನೆಗಳಲ್ಲಿ ತಪವನ್ನು ಹೇಳುವಾಗ ಶಕ್ತಿಗೆ ತಕ್ಕಂತೆ ಎಂಬ ಕಟ್ಟಳೆಯಿದೆ. ನನ್ನದು ಶಕ್ತಿ ಮೀರಿದ್ದು. ಅದಕ್ಕಿಂತ ಹೆಚ್ಚಾಗಿ, ನಾಲ್ಕು ಜನರ ನೋಟಕ್ಕೆ ಅಂಜಿ ದೇಹಕ್ಕೆ ಕೊಟ್ಟ ಶಿಕ್ಷೆ. ಅದರ ಮೂಲ ವೈರಾಗ್ಯವಲ್ಲ, ಮಾನಕಷಾಯ. ಇಂಥ ಶಸ್ತ್ರಚಿಕಿತ್ಸೆಯಾದವರು ದೀರ್ಘ ಉಪವಾಸಕ್ಕೆ ಮೊದಲು ವೈದ್ಯರನ್ನು ಕೇಳಲೇಬೇಕೆಂದು ನನ್ನ ಪ್ರಾರ್ಥನೆ. ಬಾಹ್ಯ ತಪಗಳು ಆರು. ಅನಶನ ಅವುಗಳಲ್ಲಿ ಒಂದು ಮಾತ್ರ. ಎರಡನೆಯದಾದ ಅವಮೌದರ್ಯ ನಮ್ಮಂಥವರಿಗೆಂದೇ ಇದ್ದಂತಿದೆ. ಪುರುಷರಿಗೆ 32, ಸ್ತ್ರೀಯರಿಗೆ 28 ತುತ್ತುಗಳನ್ನು ಪೂರ್ಣಾಹಾರವೆಂದು ಹೇಳಿ, ಅದರಲ್ಲಿ ಒಂದು ತುತ್ತು ಕಡಿಮೆ ಉಂಡರೂ ತಪವೇ ಎನ್ನುತ್ತದೆ ಶಾಸ್ತ್ರ. ಆ ಒಂದು ತುತ್ತು ಯಾರ ಕಣ್ಣಿಗೂ ಕಾಣುವುದಿಲ್ಲ. ಅದಕ್ಕೆ ಯಾರೂ ಅನುಮೋದನೆ ಹೇಳುವುದಿಲ್ಲ. ಬಹುಶಃ ಅದಕ್ಕೇ ಅದು ಕಷ್ಟ.

ಸಮಾಜದವರಲ್ಲಿಯೂ ಒಂದು ಮಾತು. ಅದೇ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮ್ಯಗ್ದರ್ಶನದ ಎಂಟು ಅಂಗಗಳನ್ನು ವಿವರಿಸಿದ್ದಾರೆ. ಅವುಗಳಲ್ಲಿ ಉಪಗೂಹನ, ಸ್ಥಿತಿಕರಣಗಳೂ ಸೇರಿವೆ. ಇನ್ನೊಬ್ಬರ ಕೊರತೆಯನ್ನು ಬಯಲಿಗೆಳೆಯದಿರುವುದು ಉಪಗೂಹನ. ಜಾರುತ್ತಿರುವವರನ್ನು ಮತ್ತೆ ನೆಲೆಗೊಳಿಸುವುದು ಸ್ಥಿತಿಕರಣ. ಮೈ ದಪ್ಪವಾದವರನ್ನು ಕಂಡೊಡನೆ ‘ಮತ್ತ ದಪ್ಪ ಆಗೀರಿ’ ಎನ್ನುವುದರಿಂದ ಅವರಿಗೆ ಗೊತ್ತಿಲ್ಲದ ಸಂಗತಿಯನ್ನೇನೂ ತಿಳಿಸಿದಂತಾಗದು. ಪ್ರಸಾದದ ಪಂಕ್ತಿಯಲ್ಲಿ ‘ಹಬ್ಬದ ದಿನ ಒಂದ ಹೋಳಿಗಿಗೆ ಏನಾಗ್ತೈತಿ’ ಎಂದು ಒತ್ತಾಯಿಸುವವರೂ, ಆಮೇಲೆ ಟೀಕಿಸುವವರೂ ಹಲವು ಬಾರಿ ಒಬ್ಬರೇ ಆಗಿರುತ್ತಾರೆ. ‘ನಾಳೆ ಬೆಳಿಗ್ಗೆ ವಾಕಿಂಗಿಗೆ ಕೂಡೇ ಹೋಗೋಣೇನ್ರಿ?’ ಎಂದು ಕೇಳಿದರೆ ಅದು ಸ್ಥಿತಿಕರಣ.

ಈಗ ನನ್ನ ದಿನಚರಿ ಸರಳ. ಸಂಜೆ ಪ್ರತಿಕ್ರಮಣಕ್ಕೆ ಕೂತಾಗ ಆ ದಿನ ಉಂಡದ್ದನ್ನೂ ನೆನೆಯುತ್ತೇನೆ. ಹಳಿದುಕೊಳ್ಳುವುದಿಲ್ಲ; ಎಲ್ಲಿ ತಪ್ಪಿದೆನೋ ಅಲ್ಲಿಗೆ ಹಿಂದಿರುಗಿ ನೋಡಿ ಮುಂದೆ ಸಾಗುತ್ತೇನೆ. ತಟ್ಟೆಯಲ್ಲಿ ಮೊದಲು ಬೇಳೆ, ಕಾಳು ಅಥವಾ ಪನೀರು. ದ್ವಿದಳ ದೋಷವಾಗದಂತೆ ಮೊಸರು ಬೇರೆ ಹೊತ್ತಿಗೆ. ಸೂರ್ಯಾಸ್ತಕ್ಕೆ ಮುಂಚಿನ ಊಟವನ್ನು ಅವಸರದಲ್ಲಿ ನುಂಗದೆ, ಸಮಯ ಮಾಡಿಕೊಂಡು ಅಗಿದು ಉಣ್ಣುತ್ತೇನೆ. ಗುಳಿಗೆ ತಪ್ಪಿಸುವುದಿಲ್ಲ. ವಾರಕ್ಕೊಮ್ಮೆ ತೂಕ ನೋಡಿ ಬರೆದಿಡುತ್ತೇನೆ. ಈಗ 87. ಮತ್ತೆ 70ಕ್ಕೆ ಇಳಿಯುವೆನೆಂಬ ಹಟವಿಲ್ಲ. ಸಕ್ಕರೆ ಹಿಡಿತದಲ್ಲಿದೆ, ಮಂಡಿ ಮಡಿಸಿ ಸಾಮಾಯಿಕಕ್ಕೆ ಕೂರಬಲ್ಲೆ. ಈ ದೇಹದಿಂದ ನಾನು ಬೇಡುವುದೂ ಅಷ್ಟನ್ನೇ.

ಆ ವರ್ಷದ ಕ್ಷಮಾವಣಿಯಂದು ಆ ಹಿರಿಯರು ತಾವಾಗಿಯೇ ಬಂದು ಕೈಜೋಡಿಸಿದರು. ನಾನೂ ಕೈಮುಗಿದೆ, ಅವರ ಬಗ್ಗೆ ಮನದಲ್ಲಿ ಎಷ್ಟೋ ಕಹಿ ಹೊತ್ತಿದ್ದೆನಲ್ಲ. ಮನೆಗೆ ಬಂದ ಮೇಲೆ ಇನ್ನೊಂದು ವಿಷಯ ತೋಚಿತು. ಪ್ರತಿವರ್ಷ ಸಕಲ ಜೀವಿಗಳ ಕ್ಷಮೆ ಕೇಳುವ ನಾನು, ಈ ದೇಹದಲ್ಲಿ ನೆಲೆಸಿ ನನ್ನ ಬೈಗುಳವನ್ನೆಲ್ಲ ಕೇಳಿಸಿಕೊಂಡ ಜೀವವೊಂದನ್ನು ಬಿಟ್ಟೇಬಿಟ್ಟಿದ್ದೆ. ಅಂದು ಅದರ ಕ್ಷಮೆಯನ್ನೂ ಕೇಳಿದೆ. ಮರುದಿನ ಬೆಳಿಗ್ಗೆ ಫೋನ್ ಮಾಡಿ, ವೈದ್ಯರನ್ನು ಕಾಣಲು ದಿನ ಗೊತ್ತುಮಾಡಿಕೊಂಡೆ.