ಲೆಕ್ಕ ಕೇಳುವ ಸಭೆಯೇ ಇಲ್ಲದಿದ್ದರೆ?

ಜಮಾಅತ್‌ನ ಮಹಾಸಭೆ ಐದು ವರ್ಷ ನಡೆಯಲೇ ಇಲ್ಲ, ಅಧ್ಯಕ್ಷರೇ ಬಜೆಟ್ ಮಾಡಿ ಖರ್ಚೂ ಮಾಡಿದರು ಅಂದರೆ ನಾವು ಸುಮ್ಮನಿರುತ್ತೇವಾ? ಬೆಂಗಳೂರಿನಲ್ಲಿ ಆದದ್ದು ಇದೇ.

ನಮ್ಮ ಗಿರಿನಗರವೂ ಸೇರಿ ಬಿಬಿಎಂಪಿಯ 198 ವಾರ್ಡ್‌ಗಳಿಗೆ ಕೊನೆಯ ಚುನಾವಣೆ ನಡೆದದ್ದು 2015ರಲ್ಲಿ. 2020ರ ಸೆಪ್ಟೆಂಬರ್ 10ಕ್ಕೆ ಕೌನ್ಸಿಲ್ ಅವಧಿ ಮುಗಿಯಿತು. ಆಮೇಲೆ ಸರಕಾರ ನೇಮಿಸಿದ ಆಡಳಿತಾಧಿಕಾರಿಯದ್ದೇ ಕಾರುಬಾರು. ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿಸಬೇಕೆಂದು ಸಂವಿಧಾನದ 243ಯು ವಿಧಿ ಹೇಳುತ್ತದೆ. ಆದರೆ ವಾರ್ಡ್‌ಗಳು 243 ಆದವು, ಮತ್ತೆ 225 ಆದವು. ಮೀಸಲಾತಿ, ಕೋರ್ಟು ಕೇಸು ಅಂತ ಸರಕಾರಗಳು ಬದಲಾದರೂ ಚುನಾವಣೆ ಬರಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು. ಅಲ್ಲಿಗೂ ಮೊದಲು ಬಂದವರು ಅಧಿಕಾರಿಗಳೇ.

ಅಧಿಕಾರಿಗಳು ಕೆಟ್ಟವರೆಂದಲ್ಲ. ಬಜೆಟ್ ಮಾಡುವವರು, ಒಪ್ಪುವವರು, ಖರ್ಚು ಮಾಡುವವರು ಎಲ್ಲ ಒಂದೇ ಕಡೆಯವರಾದರೆ ಪ್ರಶ್ನಿಸುವವರು ಯಾರು? ಕೌನ್ಸಿಲಿನಲ್ಲಿ ವಿರೋಧ ಪಕ್ಷದವರು ಎಬ್ಬಿಸುವ ಗಲಾಟೆಯೂ ಅಧಿಕಾರಕ್ಕೊಂದು ಲಗಾಮು.

ನಮ್ಮದೂ ತಪ್ಪಿದೆ. ನಮ್ಮಲ್ಲಿ ಹಲವರಿಗೆ ಅಂಗಡಿ, ಮನೆ, ತೆರಿಗೆ ಇಲ್ಲಿ. ವೋಟು ಮಾತ್ರ ಊರಿನಲ್ಲಿ. ಇಲ್ಲೇ ಬದುಕುವವರು ಇಲ್ಲಿನ ಮತದಾರರ ಪಟ್ಟಿಗೆ ಹೆಸರು ಬದಲಾಯಿಸಿಕೊಳ್ಳೋಣ. ವೋಟೇ ಇಲ್ಲದವರು ಲೆಕ್ಕ ಕೇಳಿದರೆ ಯಾರು ಕಿವಿಗೊಡುತ್ತಾರೆ?